ಕಾಲ್ಗುಣ ಎಷ್ಟು ಕೆಜಿ

ಹಾಲು ಉಕ್ಕಿದರೆ ಬೇರೆ ಹೆಂಗಸರು ಒಲೆ ಆರಿಸುತ್ತಾರೆ. ನಾನು ಬಾಗಿಲ ಕಡೆ ನೋಡುತ್ತೇನೆ, ಈಗ ಯಾರು ಬಂದರು ಎಂದು. ಇದು ಒಳ್ಳೆಯ ಅಭ್ಯಾಸವಲ್ಲ ಎಂದು ಈಗ ನನಗೆ ಗೊತ್ತು. ಆದರೆ ಐವತ್ತೆರಡು ವರ್ಷದ ಕತ್ತು ಹೇಳಿದ ಮಾತು ಕೇಳುವುದಿಲ್ಲ. ಮೊನ್ನೆ ಬೆಳಿಗ್ಗೆ ಹಾಗೆಯೇ ಹಾಲು ಉಕ್ಕಿತು, ಕತ್ತು ತಿರುಗಿತು. ಬಾಗಿಲಲ್ಲಿ ಬೆಕ್ಕೂ ಇರಲಿಲ್ಲ. ಉರಿ ಜಾಸ್ತಿಯಾಗಿತ್ತು, ಅಷ್ಟೆ. ಒಬ್ಬಳೇ ನಕ್ಕು ಒಲೆ ಒರೆಸಿದೆ. ಪಾತ್ರೆಯಲ್ಲಿ ಇನ್ನೂ ಮುಕ್ಕಾಲು ಹಾಲು ಉಳಿದಿತ್ತಲ್ಲ, ಅದಕ್ಕೆ ವೆಂಕಟರಮಣನಿಗೆ ಕೈ ಮುಗಿದೆ. ಸಂಜೆ ದೀಪ ಹಚ್ಚಿದಾಗ ಆ ದಿನ ದೇವರು ಮಾಡಿದ ಸಣ್ಣ ಸಣ್ಣ ಉಪಕಾರಗಳನ್ನು ಎಣಿಸುವುದು ನನ್ನ ಪದ್ಧತಿ. ಅವತ್ತಿನ ಪಟ್ಟಿಯಲ್ಲಿ ಆ ಮುಕ್ಕಾಲು ಪಾತ್ರೆಯೂ ಸೇರಿತು.

ಈ ಕತ್ತು ತಿರುಗಿಸುವ ಅಭ್ಯಾಸ ಎಲ್ಲಿಂದ ಬಂತು ಎಂದು ಕೇಳಿದರೆ ನನ್ನ ಹುಟ್ಟಿನಿಂದಲೇ ಹೇಳಬೇಕಾಗುತ್ತದೆ. ನಾನು ಚಿಂತಾಮಣಿಯಲ್ಲಿ ಹುಟ್ಟಿದ ವಾರವೇ ನಮ್ಮಪ್ಪನಿಗೆ ಗುಮಾಸ್ತೆ ಕೆಲಸ ಕಾಯಂ ಆಯಿತು. ನಮ್ಮಜ್ಜಿ ಬೀದಿಗೆಲ್ಲ ಸಕ್ಕರೆ ಹಂಚಿ, ಮಗುವಿನ ಕಾಲ್ಗುಣ ಎಂದಳು. ಆಮೇಲೆ ನಮ್ಮ ಬೀದಿಯಲ್ಲಿ ಯಾರ ಮನೆ ಗೃಹಪ್ರವೇಶವಾದರೂ ಹಸುವಿನ ಹಿಂದೆ ಮೊದಲ ಹೆಜ್ಜೆ ನನ್ನದು. ಹೊಸ ಲಂಗ, ಎರಡು ಜಡೆ, ಕೈತುಂಬ ಕೊಬ್ಬರಿ ಸಕ್ಕರೆ. ನಾನು ಹೆಜ್ಜೆಯಿಟ್ಟ ಮನೆಗಳಲ್ಲಿ ಒಂದೆರಡು ಮೊದಲ ಮಳೆಗೇ ಸೋರಿದವು. ಅದಕ್ಕೆ ಗಾರೆಯವನನ್ನು ಬೈದರೇ ಹೊರತು ನನ್ನನ್ನಲ್ಲ. ಒಳ್ಳೆಯದೆಲ್ಲ ನನ್ನ ಕಾಲಿನ ಲೆಕ್ಕಕ್ಕೆ, ಕೆಟ್ಟದ್ದು ಗಾರೆಯವನ ಲೆಕ್ಕಕ್ಕೆ. ಹೀಗೆ ಬೆಳೆದ ಹುಡುಗಿಗೆ ಕಾಲ್ಗುಣದಲ್ಲಿ ನಂಬಿಕೆ ಬರದೆ ಇನ್ನೇನು ಬರುತ್ತದೆ ಹೇಳಿ.

ಮದುವೆಯಾಗಿ ಬಂದದ್ದು ಶಿಡ್ಲಘಟ್ಟ ತಾಲ್ಲೂಕಿಗೆ, ದಿಬ್ಬೂರಹಳ್ಳಿಯ ಪಕ್ಕದ ಹಳ್ಳಿಗೆ. ನಮ್ಮ ಮನೆಯವರು ಹೈಸ್ಕೂಲು ಮೇಷ್ಟ್ರು. ಮಾವನವರು ನೆಟ್ಟ ಹಿಪ್ಪುನೇರಳೆ ತೋಟ ಇತ್ತು, ಅದಕ್ಕೆ ತಕ್ಕಂತೆ ರೇಷ್ಮೆ ಹುಳ. ಮೇಷ್ಟ್ರು ಸ್ಕೂಲಿಗೆ ಹೋದರೆ ಹುಳ ನನ್ನ ಪಾಲು. ಗೊತ್ತಿಲ್ಲದವರಿಗೆ ಒಂದು ಮಾತು. ಹುಳ ನಾಲ್ಕು ಸಲ ಜ್ವರಕ್ಕೆ ಹೋಗುತ್ತದೆ, ಅಂದರೆ ತಿನ್ನದೆ ಅಲ್ಲಾಡದೆ ಇದ್ದು ಪೊರೆ ಬಿಡುತ್ತದೆ. ನಾಲ್ಕನೆಯ ಜ್ವರದಿಂದ ಎದ್ದ ಮೇಲೆ ಒಂದು ವಾರ ಹಗಲೂ ರಾತ್ರಿ ಸೊಪ್ಪು ತಿನ್ನುತ್ತದೆ. ಆಮೇಲೆ ಹಣ್ಣಾಗುತ್ತದೆ. ಹಣ್ಣಾದ ಹುಳವನ್ನು ಚಂದ್ರಿಕೆ ಎಂಬ ದುಂಡನೆಯ ಬಿದಿರು ತಟ್ಟೆಗೆ ಬಿಟ್ಟರೆ ಗೂಡು ಕಟ್ಟುತ್ತದೆ. ನಾನು ಬಂದ ಮೇಲಿನ ಮೊದಲ ಬೆಳೆಯೇ ಆ ಮನೆ ಕಂಡಿರದಷ್ಟು ಚೆನ್ನಾಗಿ ಬಂತು. ಮಾವನವರು ಗೂಡಿನ ಮಾರುಕಟ್ಟೆಯಿಂದ ಬಂದವರೇ, ಸೊಸೆ ಕಾಲ್ಗುಣ ಎಂದರು. ಮೊದಲಿಂದ ಗೊತ್ತಿದ್ದದ್ದೇ ಎಂಬಂತೆ ನಾನು ತಲೆ ತಗ್ಗಿಸಿ ನಿಂತೆ.

ಈಗ ಪದ್ಮಳ ವಿಷಯ ಹೇಳಬೇಕು. ಪದ್ಮ ನನ್ನ ನಾದಿನಿ, ನಮ್ಮ ಮನೆಯವರ ತಂಗಿ. ಕೊಟ್ಟದ್ದು ಗೌರಿಬಿದನೂರಿಗೆ. ಅವಳ ಗಂಡ ಅಲ್ಲಿ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಮಕ್ಕಳಿಗೆ ಬೇಸಿಗೆ ರಜ ಬಂದ ತಕ್ಷಣ ಎರಡು ಚೀಲ ಹಿಡಿದು ತವರಿಗೆ ಬರುವಳು. ಬಾಯಿತುಂಬ ಮಾತು, ಕೈತುಂಬ ಕೆಲಸ. ಬಂದ ಗಳಿಗೆಯಲ್ಲಿ ಸೆರಗು ಸಿಕ್ಕಿಸಿ ಹುಳದ ಮನೆಗೆ ನುಗ್ಗಿ ಸೊಪ್ಪು ಹಾಕುವಳು. ಅವಳು ಬಂದ ಒಂದು ಬೇಸಿಗೆಯಲ್ಲಿ ಹುಳಕ್ಕೆ ಸಪ್ಪೆ ರೋಗ ಬಿತ್ತು. ಹುಳ ಮೆತ್ತಗಾಗಿ, ಸೊಪ್ಪು ಮುಟ್ಟದೆ, ತಟ್ಟೆಯಲ್ಲೇ ಕಪ್ಪಗಾಗುತ್ತವೆ. ಮರುವರ್ಷವೂ ಅವಳು ಬಂದಳು, ಮೂರರಲ್ಲೊಂದು ಪಾಲು ಹುಳ ಹೋದವು. ಅದರ ಮರುವರ್ಷವೂ ಹಾಗೆ. ನಾಲ್ಕನೆಯ ಸಲ ತಟ್ಟೆಗಳನ್ನು ತಿಪ್ಪೆಗೆ ಕೊಡವುತ್ತಾ ನನ್ನ ಮನಸ್ಸು ತೀರ್ಪು ಬರೆದುಬಿಟ್ಟಿತು.

ಐದನೆಯ ಬೇಸಿಗೆ ಬರುವ ಮುಂಚೆ ನಾನೇ ಫೋನು ಮಾಡಿದೆ. ಜಗಳದ ದನಿಯಲ್ಲ, ಬೆಲ್ಲದ ದನಿ. ಈ ವರ್ಷ ರಜಕ್ಕೆ ನಾವೇ ಅಲ್ಲಿಗೆ ಬರುತ್ತೇವೆ, ಗೂಡು ಬಿಡಿಸುವವರೆಗೂ ನೀನು ಈ ಕಡೆ ಬರಬೇಡಮ್ಮ, ನಿನಗೇ ಗೊತ್ತಲ್ಲ ಎಂದೆ. ಆ ಕೊನೆಯ ಮಾತು ಬೇಕಿರಲಿಲ್ಲ. ಪದ್ಮ, ಆಯ್ತು ಅತ್ತಿಗೆ ಎಂದಳು. ನಾವು ಅಲ್ಲಿಗೆ ಹೋಗಲಿಲ್ಲ. ಅವಳು ಇಲ್ಲಿಗೆ ಬರಲಿಲ್ಲ, ಆ ಬೇಸಿಗೆಯೂ, ಮುಂದಿನ ಯಾವ ಹಬ್ಬಕ್ಕೂ. ಗೌರಿ ಹಬ್ಬದ ಬಾಗಿನವನ್ನು ನಮ್ಮ ಮನೆಯವರ ಕೈಯಲ್ಲಿ ಕೊಟ್ಟು ಬಸ್ಸಿಗೆ ಕಳಿಸಿದೆ. ಮೊದಲ ವರ್ಷ ಅವರು ಚೀಲ ಹಿಡಿದು ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದರು, ಕೊಡೆ ಎತ್ತಿಕೊಂಡು ಹೋದರು. ಹೀಗೆ ಎಂಟು ವರ್ಷ. ಮದುವೆ ಮುಂಜಿಗಳಲ್ಲಿ ಸಿಕ್ಕಾಗ ನಾವಿಬ್ಬರೂ ಸೀರೆಯ ವಿಷಯ ಮಾತಾಡುತ್ತಿದ್ದೆವು. ಸೀರೆಯ ವಿಷಯದಲ್ಲಿ ಯಾರಿಗೂ ನೋವಾಗುವುದಿಲ್ಲ.

ಇಷ್ಟು ಹೇಳಿದ ಮೇಲೆ ಲೆಕ್ಕದ ಮಾತಿಗೆ ಬರಬಹುದು.

ನಮ್ಮ ಮಗಳು ಸೌಮ್ಯ ಚಿಕ್ಕಬಳ್ಳಾಪುರಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಮನಶ್ಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಮನಸ್ಸಿನ ಓದು ಎಂದರೆ ಕನಸು, ಸಿಟ್ಟು, ಅಳು ಇಂಥದ್ದು ಇರುತ್ತದೆ ಎಂದುಕೊಂಡಿದ್ದೆ. ಅದರಲ್ಲಿ ಸಂಖ್ಯಾಶಾಸ್ತ್ರ ಎಂಬ ಒಂದು ಪೇಪರು ಇದೆಯಂತೆ. ಒಳಪರೀಕ್ಷೆಯಲ್ಲಿ ಅದೊಂದರಲ್ಲಿ ಮಾತ್ರ ಫೇಲಾಗಿ ಬಂದಳು. ರಿಗ್ರೆಶನ್ ಎಂಬ ಪಾಠ ತಲೆಗೆ ಹತ್ತಲಿಲ್ಲವಂತೆ. ಅವಳ ಮೇಡಂ ಒಂದು ಉಪಾಯ ಹೇಳಿ ಕಳಿಸಿದ್ದರು. ಏನೂ ಗೊತ್ತಿಲ್ಲದವರು ಒಬ್ಬರನ್ನು ಹುಡುಕಿ, ಅವರಿಗೆ ಅರ್ಥವಾಗುವ ಹಾಗೆ ಪಾಠ ಹೇಳು, ನಿನಗೂ ಅರ್ಥವಾಗುತ್ತದೆ ಎಂದು. ಸೌಮ್ಯ ಬಹಳ ಹುಡುಕಲಿಲ್ಲ. ಚೀಲ ಇಟ್ಟವಳೇ ಅಡುಗೆಮನೆಗೆ ಬಂದಳು.

ನಾನು ಹುರುಳಿಕಾಳು ಆರಿಸುತ್ತಾ ಕೂತಿದ್ದೆ. ಅವಳು ಗ್ರಾಫ್ ಹಾಳೆ ಹಾಸಿ, ನನ್ನ ಮೊರದಿಂದಲೇ ಹನ್ನೆರಡು ಕಾಳು ತೆಗೆದು ಅಲ್ಲಲ್ಲಿ ಇಟ್ಟಳು. ಒಂದೊಂದು ಕಾಳೂ ಅವಳ ತರಗತಿಯ ಒಬ್ಬೊಬ್ಬ ಹುಡುಗಿಯಂತೆ. ಬಲಕ್ಕೆ ಹೋದಷ್ಟೂ ಹೆಚ್ಚು ಗಂಟೆ ಓದಿದವಳು, ಮೇಲಕ್ಕೆ ಹೋದಷ್ಟೂ ಹೆಚ್ಚು ಅಂಕ ತೆಗೆದವಳು. ಕಾಳುಗಳೆಲ್ಲ ಹೆಚ್ಚು ಕಡಿಮೆ ಎಡಗಡೆ ಕೆಳಗಿಂದ ಬಲಗಡೆ ಮೇಲಕ್ಕೆ ಹತ್ತುತ್ತಿದ್ದವು, ಆದರೆ ಸಾಲಾಗಿ ಅಲ್ಲ, ಜಾತ್ರೆಯಿಂದ ಬರುವ ಜನದ ಹಾಗೆ. ಪೊರಕೆಯಿಂದ ಒಂದು ಕಡ್ಡಿ ಕಿತ್ತು ನನ್ನ ಕೈಗೆ ಕೊಟ್ಟು, ಇವಕ್ಕೆಲ್ಲ ಸೇರಿ ಒಂದೇ ಗೆರೆ ಹಾಕು ಎಂದಳು.

ನಾನು ಕಡ್ಡಿಯನ್ನು ತಿರುಗಿಸಿ ತಿರುಗಿಸಿ ನಾಲ್ಕು ಕಾಳಿಗೆ ಮುಟ್ಟಿಸಿದೆ. ಮಿಕ್ಕವು ದೂರ ಉಳಿದವು.

"ಮುಟ್ಸೋದಲ್ಲಮ್ಮ. ಯಾವುದನ್ನೂ ಮುಟ್ದೇ ಇದ್ರೂ ಪರವಾಗಿಲ್ಲ. ಒಟ್ಟಾರೆ ಎಲ್ಲಕ್ಕೂ ಹತ್ರ ಇರ್ಬೇಕು, ಅಷ್ಟೆ."

ನಲವತ್ತು ವರ್ಷ ಚುಕ್ಕಿ ರಂಗೋಲಿ ಹಾಕಿದ ಕೈ ನನ್ನದು. ಒಂದು ಚುಕ್ಕಿಯನ್ನೂ ಬಿಡದೆ ಸುತ್ತುವ ಗೆರೆ ನನಗೆ ಗೊತ್ತು. ಯಾವ ಚುಕ್ಕಿಯನ್ನೂ ಮುಟ್ಟದೆ ಎಲ್ಲವಕ್ಕೂ ಸೇರಿದ ಗೆರೆ ಹೊಸದು. ಆದರೂ ಎರಡು ಮೂರು ಸಲ ಸರಿಸಿದ ಮೇಲೆ ಕಡ್ಡಿ ತಾನಾಗಿ ಒಂದು ಕಡೆ ನಿಂತಿತು, ನನಗೇ ಸರಿ ಎನ್ನಿಸಿತು. ಆ ಗೆರೆಯ ಏರು ನೋಡಿದರೆ ಒಂದು ಗಂಟೆ ಹೆಚ್ಚು ಓದಿದವಳಿಗೆ ಸರಾಸರಿ ಎಷ್ಟು ಅಂಕ ಹೆಚ್ಚು ಎಂದು ತಿಳಿಯುತ್ತದೆ. ಗೆರೆ ಎಡಗಡೆಯ ಅಂಚನ್ನು ಎಲ್ಲಿ ಮುಟ್ಟುತ್ತದೋ ಅದು ಏನೂ ಓದದೆ ಹೋದವಳಿಗೆ ಬರಬಹುದಾದ ಅಂಕ. ಒಂದು ಕಾರಣ, ಒಂದು ಫಲ, ನಡುವೆ ಒಂದು ನೇರ ಗೆರೆ. ಇದು ಸರಳವಾದದ್ದು.

ಕಡ್ಡಿಗೂ ಕಾಳಿಗೂ ನಡುವಿನ ದೂರ ಏನು ಎಂದು ಕೇಳಿದೆ. ಅದು ಉಳಿಕೆ, ಗೆರೆ ಹೇಳಲಾರದೆ ಬಿಟ್ಟದ್ದು ಎಂದಳು. ಹಾಗಾದರೆ ಅದು ದೇವರ ಪಾಲು ಎಂದೆ. ದೇವರ ಪಾಲು ಎಂದು ಪರೀಕ್ಷೆಯಲ್ಲಿ ಬರೆದರೆ ಸೊನ್ನೆ ಕೊಡುತ್ತಾರೆ ಎಂದಳು. ಅವತ್ತು ನಿದ್ದೆ ಕೆಟ್ಟದ್ದು, ಹೊಟ್ಟೆ ನೋವು, ಓದಿದ್ದೇ ಬಂದದ್ದು, ನಾವು ಅಳೆಯದೆ ಬಿಟ್ಟದ್ದೆಲ್ಲ ಅದರಲ್ಲಿ ಇರುತ್ತದಂತೆ. ನಾನು ಹೇಳಿದ್ದೂ ಅದನ್ನೇ. ಗೆರೆಗಿಂತ ಮೇಲೆ ಬಿದ್ದ ಕಾಳುಗಳನ್ನೇ ನಾನು ಸಂಜೆ ದೀಪದ ಮುಂದೆ ಎಣಿಸುವುದು.

ಒಂದು ವಿಷಯ ಮಾತ್ರ ನನಗೆ ತುಂಬ ಹಿಡಿಸಿತು. ಗೆರೆಯಿಂದ ಮೇಲಿನವರ ದೂರ, ಕೆಳಗಿನವರ ದೂರ ಹಾಗೇ ಕೂಡಿದರೆ ಒಂದಕ್ಕೊಂದು ವಜಾ ಆಗಿ ಸೊನ್ನೆಯಾಗುತ್ತದೆ, ಯಾರಿಗೂ ಏನೂ ಆಗಿಲ್ಲ ಎಂಬ ಹಾಗೆ. ಅದಕ್ಕೆ ಪ್ರತಿ ದೂರವನ್ನೂ ಅದರಿಂದಲೇ ಗುಣಿಸಿ ಆಮೇಲೆ ಕೂಡುತ್ತಾರೆ. ಆಗ ಕೆಳಗೆ ಬಿದ್ದವರೂ ಲೆಕ್ಕಕ್ಕೆ ಬರುತ್ತಾರೆ, ತುಂಬ ದೂರ ಬಿದ್ದವರು ತುಂಬ ಹೆಚ್ಚಾಗಿ ಬರುತ್ತಾರೆ. ಆ ಮೊತ್ತ ಯಾವ ಗೆರೆಗೆ ಎಲ್ಲಕ್ಕಿಂತ ಕಡಿಮೆಯೋ ಅದೇ ಗೆರೆ. ಒಬ್ಬಳನ್ನು ಹೊಗಳಿ ಇನ್ನೊಬ್ಬಳನ್ನು ಬೈದು, ಮನೆಯಲ್ಲಿ ಎಲ್ಲ ಸಮವಾಗಿದೆ ಎನ್ನುವ ಯಜಮಾನರು ಈ ಪಾಠ ಕಲಿಯಬೇಕು ಎಂದೆ. ಹೊರಗೆ ಪೇಪರು ಓದುತ್ತಿದ್ದ ಮೇಷ್ಟ್ರು ಒಮ್ಮೆ ಕೆಮ್ಮಿದರು.

ಮರುದಿನ ಕಷ್ಟದ ಪಾಠ. ಎರಡು ಕಾರಣ ಇದ್ದರೆ ಏನು ಮಾಡುವುದು. ಓದಿದ ಗಂಟೆಯೂ ಇದೆ, ಪರೀಕ್ಷೆಯ ಭಯವೂ ಇದೆ. ಭಯವನ್ನೂ ಅಳೆಯುತ್ತಾರಂತೆ, ಪ್ರಶ್ನೆ ಕೇಳಿ ಅಂಕ ಕೊಟ್ಟು. ಹೆಚ್ಚು ಓದಿದವಳಿಗೆ ಭಯ ಕಡಿಮೆ, ಭಯ ಹೆಚ್ಚಿದವಳು ಪುಸ್ತಕವನ್ನೇ ಮುಟ್ಟುವುದಿಲ್ಲ. ಎರಡೂ ಒಂದರ ಬಾಲ ಒಂದು ಹಿಡಿದು ಬರುತ್ತವೆ. ಹಾಗಾದರೆ ಅಂಕ ಬಂದದ್ದು ಯಾವುದರಿಂದ? ಇಲ್ಲಿಗೆ ಸೌಮ್ಯಳೂ ನಿಂತಳು, ನಾನೂ ನಿಂತೆ. ಪುಸ್ತಕದಲ್ಲಿ ಒಂದನ್ನು ಸ್ಥಿರವಾಗಿಟ್ಟು ಎಂದು ಬರೆದಿತ್ತು. ಭಯವನ್ನು ಸ್ಥಿರವಾಗಿ ಹೇಗಮ್ಮ ಇಡೋದು ಎಂದು ತಲೆ ಹಿಡಿದು ಕೂತಳು.

ನನಗೆ ನಮ್ಮ ಊರ ಮದುವೆ ಮನೆಗಳ ಅನ್ನದ ಕೊಪ್ಪರಿಗೆ ನೆನಪಾಯಿತು. ಒಲೆಯಿಂದ ಕೊಪ್ಪರಿಗೆಯನ್ನು ಇಬ್ಬರು ಹಿಡಿದು ಇಳಿಸುತ್ತಾರೆ. ಯಾವಾಗಲೂ ಅದೇ ಇಬ್ಬರೇ ಇಳಿಸುತ್ತಿದ್ದರೆ ಯಾರ ತೋಳಲ್ಲಿ ಎಷ್ಟು ಬಲ ಎಂದು ಬ್ರಹ್ಮನಿಗೂ ತಿಳಿಯುವುದಿಲ್ಲ. ಒಂದು ದಿನ ಒಬ್ಬ ಬರದೆ ಅವನ ಜಾಗಕ್ಕೆ ಬೇರೆಯವನು ಕೈ ಹಾಕಬೇಕು. ಆಗ ಬಣ್ಣ ಬಯಲು. ಹಾಗೆಯೇ ಭಯ ಒಂದೇ ಸಮ ಇರುವ ಹುಡುಗಿಯರನ್ನೇ ಒಂದು ಕಡೆ ಕೂರಿಸಿ, ಅವರಲ್ಲಿ ಹೆಚ್ಚು ಓದಿದವಳಿಗೆ ಎಷ್ಟು ಹೆಚ್ಚು ಬಂತು ನೋಡು ಎಂದೆ. ಸೌಮ್ಯ ನನ್ನ ಮುಖವನ್ನೇ ನೋಡಿದಳು.

"ಅಮ್ಮ, ಇದನ್ನೇ ಕಣಮ್ಮ ಮೇಡಂ ಒಂದು ತಿಂಗಳಿಂದ ಹೇಳ್ತಾ ಇರೋದು."

ಆ ಸಂಜೆ ದೀಪದ ಮುಂದೆ ಎಣಿಕೆ ಸ್ವಲ್ಪ ಉದ್ದವಾಯಿತು. ಜಂಬ ಪಡಬಾರದು ನಿಜ. ಆದರೆ ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕದಲ್ಲಿ ಮೂವತ್ತೈದಕ್ಕೆ ಪಾಸಾದವಳು ಎಂ.ಎಸ್ಸಿ. ಪಾಠ ಹೇಳಿದರೆ ದೇವರೇ ಸ್ವಲ್ಪ ಜಂಬಕ್ಕೆ ಅನುಮತಿ ಕೊಡುತ್ತಾನೆ.

ಆಮೇಲೆ ಮೇಡಂ ಎಲ್ಲರಿಗೂ ಒಂದು ಕೆಲಸ ಕೊಟ್ಟರು. ತಮ್ಮ ಮನೆಯ, ಊರಿನ ಯಾವುದಾದರೂ ನಿಜವಾದ ವಿವರ ಹಿಡಿದು, ಮೊದಲು ಒಂದು ಕಾರಣ ಹಾಕಿ, ಆಮೇಲೆ ಎರಡು ಕಾರಣ ಹಾಕಿ ಲೆಕ್ಕ ಮಾಡಿ ತರಬೇಕು. ಜನ ಏನನ್ನು ನಂಬುತ್ತಾರೆ, ಅದು ಎಷ್ಟು ನಿಲ್ಲುತ್ತದೆ ಎಂದು ಬರೆಯಬೇಕು. ಸೌಮ್ಯಳ ಕಣ್ಣು ದೇವರ ಗೂಡಿನ ಕೆಳಗೆ ಬಿತ್ತು. ಅಲ್ಲಿ ಹನ್ನೆರಡು ವರ್ಷದ ಗೋಡೆ ಕ್ಯಾಲೆಂಡರುಗಳು ದಾರ ಕಟ್ಟಿ ಕೂತಿವೆ. ಲಕ್ಷ್ಮಿ, ಗಣಪತಿ, ಸರಸ್ವತಿಯ ಪಟ ಇರುವ ಕ್ಯಾಲೆಂಡರನ್ನು ನಾನು ಎಸೆಯುವುದಿಲ್ಲ. ಅವುಗಳ ಚೌಕಗಳಲ್ಲಿ ನನ್ನ ಬರಹವಿದೆ. ಹುಳ ತಂದ ದಿನ, ನೂರು ಚಿಟ್ಟೆ ಇಟ್ಟ ಮೊಟ್ಟೆಗೆ ಎಷ್ಟು ಕೆಜಿ ಗೂಡು, ಯಾರು ಬಂದರು, ಯಾರು ಹೋದರು.

"ಅಮ್ಮ, ಪದ್ಮತ್ತೆ ಕಾಲ್ಗುಣ ಲೆಕ್ಕ ಹಾಕಣ?"

ಹಾಕು ಎಂದೆ. ನನಗೆ ಒಂದಿಷ್ಟೂ ಅಳುಕಿರಲಿಲ್ಲ. ಬರೆದಿಟ್ಟವಳು ನಾನು, ಕಣ್ಣಾರೆ ಕಂಡವಳು ನಾನು. ಒಟ್ಟು ನಲವತ್ತೈದು ಬೆಳೆ ಸಿಕ್ಕವು. ಪದ್ಮ ಮನೆಯಲ್ಲಿದ್ದ ಬೆಳೆಗೆ ಒಂದು, ಇಲ್ಲದ್ದಕ್ಕೆ ಸೊನ್ನೆ. ಮನುಷ್ಯಳನ್ನು ಒಂದು, ಸೊನ್ನೆ ಮಾಡಿದರಲ್ಲ ಎನ್ನಿಸಿತು. ಸೌಮ್ಯ ಲ್ಯಾಪ್‌ಟಾಪಿನಲ್ಲಿ ಎಲ್ಲ ತುಂಬಿಸಿ ಒಂದು ಗುಂಡಿ ಒತ್ತಿದಳು. ಪದ್ಮ ಬಂದರೆ ಹದಿಮೂರು ಕೆಜಿ ಚಿಲ್ಲರೆ ಕಡಿಮೆ.

ನಾನು ಗೆದ್ದೆ. ಹಾಗಂತ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಎದ್ದು ಹೋಗಿ ಎಲ್ಲರಿಗೂ ಕಾಫಿ ಮಾಡಿದೆ. ಎಂಟು ವರ್ಷ ಒಳಗೊಳಗೇ ಚುಚ್ಚುತ್ತಿದ್ದ ಮುಳ್ಳನ್ನು ಸೈನ್ಸೇ ಬಂದು ತೆಗೆದ ಹಾಗಿತ್ತು. ನಾನು ಕೆಟ್ಟವಳಲ್ಲ, ಕಂಡದ್ದನ್ನು ಹೇಳಿದವಳು. ಮನೆಯವರ ಕೈಗೆ ಲೋಟ ಕೊಡುತ್ತಾ, ನೋಡಿದಿರಾ ಎಂದೆ. ಅವರು ಲೋಟ ತೆಗೆದುಕೊಂಡು ಮಗಳನ್ನು ಒಂದೇ ಮಾತು ಕೇಳಿದರು, ಎರಡನೇ ಕಾರಣ ಯಾವುದು ಹಾಕ್ತೀಯಮ್ಮ ಎಂದು.

ಸೌಮ್ಯ ಬಿಸಿಲು ಹಾಕಿದಳು. ಬೇಸಿಗೆ ಬೆಳೆಗೆ ಒಂದು, ಮಿಕ್ಕದ್ದಕ್ಕೆ ಸೊನ್ನೆ. ಮತ್ತೆ ಗುಂಡಿ ಒತ್ತಿದಳು. ಬಿಸಿಲಿನ ಹೆಸರಿಗೆ ಇಪ್ಪತ್ತೆರಡು ಕೆಜಿ ನಷ್ಟ ನಿಂತಿತು. ಪದ್ಮಳ ಹೆಸರಿಗೆ ಉಳಿದದ್ದು ಅರ್ಧ ಕೆಜಿ. ಅಷ್ಟು ತಕ್ಕಡಿಯ ಮುಳ್ಳಲ್ಲೇ ಆಚೆ ಈಚೆ ಆಗುತ್ತದೆ, ಇದ್ದರೂ ಇಲ್ಲದಿದ್ದರೂ ಒಂದೇ ಎಂದಳು ಸೌಮ್ಯ.

ಯಂತ್ರ ಕೆಟ್ಟಿದೆ ಎಂದೆ. ಅವಳು ಕ್ಯಾಲೆಂಡರುಗಳನ್ನೇ ನನ್ನ ಮುಂದೆ ಹಾಸಿದಳು. ಈ ಹನ್ನೆರಡು ವರ್ಷದಲ್ಲಿ ಪದ್ಮ ಬಂದದ್ದು ಐದು ಸಲ. ನಾಲ್ಕು ಬೇಸಿಗೆ, ಇಳುವರಿ ಬಿದ್ದಿದೆ. ಐದನೆಯದು ಒಂದು ಸಂಕ್ರಾಂತಿ, ಎಪ್ಪತ್ತು ಕೆಜಿ ಬಂದಿದೆ, ನನ್ನದೇ ಅಕ್ಷರ. ಆ ಸಂಕ್ರಾಂತಿಯನ್ನು ನಾನು ಪೂರ್ತಿ ಮರೆತಿದ್ದೆ. ಆದರೆ ನನ್ನ ಬಾಯಿ ಕಟ್ಟಿದ್ದು ಅದಲ್ಲ. ಪದ್ಮ ಬರದೇ ಇದ್ದ ಎಂಟು ಬೇಸಿಗೆ. ಎಂಟರಲ್ಲೂ ಗೂಡು ಅಷ್ಟೇ ಕಡಿಮೆ. ಆ ವರ್ಷಗಳಲ್ಲಿ ನಾನು ಒಂದು ಸಲ ಕೊಂಡ ಸೊಪ್ಪನ್ನು ಬೈದೆ, ಒಂದು ಸಲ ಮೊಟ್ಟೆ ಕೊಟ್ಟವರನ್ನು, ಒಂದು ಸಲ ಪಕ್ಕದ ಮನೆಯ ಒಗ್ಗರಣೆ ಹೊಗೆಯನ್ನು. ಕೊಪ್ಪರಿಗೆ ಹಿಡಿಯಲು ಪದ್ಮ ಬಾರದ ದಿನಗಳು ನನ್ನ ಕಣ್ಣೆದುರೇ ಇದ್ದವು. ಉಪಮೆ ಹೇಳಿಕೊಟ್ಟವಳಿಗೇ ಅದು ಕಾಣಲಿಲ್ಲ. ಉಪಕಾರ ಎಣಿಸಲು ಒಂದು ಕಣ್ಣು ಸಾಕು, ಅಪವಾದ ಹೊರಿಸಲು ಎರಡೂ ತೆರೆದಿರಬೇಕು.

ಸೌಮ್ಯ ಅಷ್ಟಕ್ಕೇ ಬಿಡಲಿಲ್ಲ. ನೀನು ಮದುವೆಯಾಗಿ ಬಂದದ್ದು ಯಾವ ತಿಂಗಳು ಎಂದಳು. ಕಾರ್ತಿಕ ಎಂದೆ. ಹಾಗಾದ್ರೆ ಆ ಮೊದಲ ಬೆಳೆ ಚಳಿಯ ಕಾಲ್ಗುಣಮ್ಮ, ನಿನ್ನದಲ್ಲ ಎಂದಳು. ಚಿಂತಾಮಣಿಯ ಸಕ್ಕರೆ, ಗೃಹಪ್ರವೇಶದ ಲಂಗ, ಮಾವನವರ ಮೆಚ್ಚುಗೆ ಎಲ್ಲ ಒಂದೇ ಮಾತಿನಲ್ಲಿ ಹೋದವು. ನಗು ಬಂತು. ನನ್ನದು ಹೋದದ್ದಕ್ಕೆ ನಗಬಹುದಿತ್ತು. ಪದ್ಮಳ ಎಂಟು ವರ್ಷ ಹೋದದ್ದಕ್ಕೆ ನಗುವ ಹಾಗಿರಲಿಲ್ಲ.

ಮೇಷ್ಟ್ರು ಕ್ಯಾಲೆಂಡರುಗಳನ್ನು ಒಂದೊಂದಾಗಿ ಜೋಡಿಸಿ ದಾರ ಕಟ್ಟುತ್ತಿದ್ದರು. ಸ್ಕೂಲಿನಲ್ಲಿ ಇಪ್ಪತ್ತೈದು ವರ್ಷ ಲೆಕ್ಕ ಹೇಳಿದವರು. ಅವರಿಗೆ ಇದು ಮೊದಲೇ ಗೊತ್ತಿತ್ತೇ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಕೇಳಿದ್ದರೆ ಅವರೂ ಎಂಟು ವರ್ಷ ಚೀಲ ಹೊತ್ತ ಲೆಕ್ಕ ಹೇಳಬೇಕಾಗುತ್ತಿತ್ತು.

ಯುಗಾದಿಗೆ ಇನ್ನೂ ಹದಿನೈದು ದಿನ ಇತ್ತು. ಚಕ್ಕುಲಿ ಮಾಡಿಕೊಂಡು, ಒಂದು ಸೀರೆ, ಕುಪ್ಪಸದ ಬಟ್ಟೆ, ಬಳೆ, ಅರಿಶಿನ ಕುಂಕುಮ ಚೀಲಕ್ಕೆ ಹಾಕಿ ನಾನೇ ಹೊರಟೆ. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಿ, ಗೌರಿಬಿದನೂರು ತಲುಪುವವರೆಗೂ ಕಿಟಕಿ ಪಕ್ಕ ಕೂತು ಹೇಳಬೇಕಾದ ಮಾತು ಜೋಡಿಸಿದೆ. ಭಾಷಣ ಚೆನ್ನಾಗಿಯೇ ಬಂದಿತ್ತು. ಪದ್ಮಳ ಮನೆ ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ, ಮಹಡಿಯ ಮೇಲೆ. ಬಾಗಿಲು ತೆಗೆದವಳು ನನ್ನನ್ನೂ ಚೀಲವನ್ನೂ ನೋಡಿ, ಬನ್ನಿ ಅತ್ತಿಗೆ ಎಂದಳು. ಕೂದಲಲ್ಲಿ ಬಿಳಿ ಬಂದಿತ್ತು. ಮದುವೆ ಮನೆಗಳಲ್ಲಿ ಸೀರೆಯನ್ನೇ ನೋಡುತ್ತಿದ್ದೆನಲ್ಲ, ಕೂದಲು ನೋಡಿರಲಿಲ್ಲ.

ಕಾಫಿ ಬರುವಷ್ಟರಲ್ಲಿ ನಾನು ಶುರು ಮಾಡಿದೆ. ಕ್ಯಾಲೆಂಡರು, ನಲವತ್ತೈದು ಬೆಳೆ, ಹದಿಮೂರು ಕೆಜಿ ಅರ್ಧ ಕೆಜಿಯಾದದ್ದು, ಬಿಸಿಲಿನ ಇಪ್ಪತ್ತೆರಡು, ಸಂಕ್ರಾಂತಿಯ ಎಪ್ಪತ್ತು, ಒಂದೂ ಬಿಡದೆ ಹೇಳಿದೆ. ನಿನ್ನ ತಪ್ಪು ಏನೂ ಇಲ್ಲ ಎಂದು ಲೆಕ್ಕದಲ್ಲೇ ಬಂದಿದೆ ಎಂದೆ. ತಪ್ಪಾಯ್ತು, ಮನಸ್ಸಿನಲ್ಲಿ ಇಟ್ಕೋಬೇಡ ಎಂದೆ. ಪದ್ಮ ಎಲ್ಲ ಕೇಳಿದಳು. ತಟ್ಟೆಯಲ್ಲಿದ್ದ ಚಕ್ಕುಲಿಯೊಂದನ್ನು ಮುರಿದಳು, ಬಾಯಿಗೆ ಹಾಕಲಿಲ್ಲ.

"ಅತ್ತಿಗೆ, ಲೆಕ್ಕದಲ್ಲಿ ನನ್ನ ಕಾಲಿಂದಾನೇ ಅಂತ ಬಂದಿದ್ರೆ?"

"ಬಂದಿಲ್ವಲ್ಲ ಪದ್ಮ."

"ಬಂದಿದ್ರೆ ಅಂತ ಕೇಳ್ತಾ ಇದೀನಿ. ಬಂದಿದ್ರೆ ನೀವು ಇವತ್ತು ಈ ಮೆಟ್ಲು ಹತ್ತಿರ್ತಿದ್ರಾ?"

ಬಸ್ಸಿನಲ್ಲಿ ಜೋಡಿಸಿದ ಭಾಷಣ ಅಲ್ಲಿಗೆ ಮುಗಿದಿತ್ತು. ಕೆಳಗೆ ಸ್ಟೇಷನ್ನಿನಲ್ಲಿ ಹಿಂದೂಪುರದ ಕಡೆಯ ರೈಲು ಬಂದು ನಿಂತ ಸದ್ದಾಯಿತು, ಹೊರಟ ಸದ್ದೂ ಆಯಿತು. ಬೆಲ್ಲದ ದನಿಯಲ್ಲಿ ಏನಾದರೂ ಹೇಳಬಹುದಿತ್ತು. ಆ ದನಿಯಿಂದಲೇ ತಾನೇ ಇಷ್ಟೆಲ್ಲ ಆದದ್ದು.

"ಹತ್ತಿರ್ತಿರ್ಲಿಲ್ಲ," ಎಂದೆ.

ಪದ್ಮ ಮೊದಲ ಸಲ ನನ್ನ ಮುಖ ನೋಡಿದಳು.

"ಇದೊಂದು ನಿಜ ಹೇಳಿದ್ರಿ. ಹದಿಮೂರು ಕೆಜಿ ಬರ್ಲಿ, ಅರ್ಧ ಕೆಜಿ ಬರ್ಲಿ, ಅದು ನಮ್ಮಪ್ಪನ ಮನೆ ಅತ್ತಿಗೆ. ಮಗಳನ್ನ ತೂಕ ಹಾಕಿ ಒಳಗೆ ಕರೀತಾರಾ?"

ನನ್ನ ಕಣ್ಣಲ್ಲಿ ನೀರು ಬಂತು. ಅವಳ ಕಣ್ಣಲ್ಲಿ ಬರಲಿಲ್ಲ. ಅವಳದ್ದು ಎಂಟು ವರ್ಷದ ಕೆಳಗೇ ಮುಗಿದಿತ್ತು ಎಂದು ಕಾಣುತ್ತದೆ. ಯುಗಾದಿಗೆ ಬಾ ಎಂದೆ. ಬರುವುದಿಲ್ಲ ಎಂದಳು. ಅವಳು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗುತ್ತಾ, ತಿರುಗದೆಯೇ ಹೇಳಿದಳು.

"ಬಿಸ್ಲಲ್ಲಿ ಬರ್ತೀನಿ. ಹುಳ ನಾಲ್ಕನೇ ಜ್ವರದಿಂದ ಏಳೋ ದಿನ ಫೋನ್ ಮಾಡಿ."

ಸೌಮ್ಯಳ ಮೇಡಂ ಅವಳ ಲೆಕ್ಕಕ್ಕೆ ಒಳ್ಳೆಯ ಅಂಕ ಕೊಟ್ಟು, ನಲವತ್ತೈದು ಬೆಳೆಯಲ್ಲಿ ಐದೇ ಸಲ ಬಂದವರ ವಿಷಯದಲ್ಲಿ ಬಹಳ ಗಟ್ಟಿಯಾಗಿ ಏನೂ ಹೇಳಬಾರದು ಎಂದು ಕೆಂಪು ಇಂಕಿನಲ್ಲಿ ಬರೆದಿದ್ದರು. ಒಳ್ಳೆಯ ಹೆಂಗಸು. ನನಗೆ ಆ ಬುದ್ಧಿಮಾತು ಎಂಟು ವರ್ಷದ ಹಿಂದೆ ಬೇಕಿತ್ತು.

ವೈಶಾಖದಲ್ಲಿ ಹುಳ ನಾಲ್ಕನೆಯ ಜ್ವರದಿಂದ ಎದ್ದವು. ಫೋನು ಮಾಡಿದೆ. ಮಧ್ಯಾಹ್ನದ ಬಸ್ಸಿಗೆ ಪದ್ಮ ಬಂದಳು, ಒಂದೇ ಚೀಲ, ನಾಲ್ಕು ದಿನಕ್ಕೆ ಎಂದು. ಆ ವರ್ಷದ ಬಿಸಿಲು ಹೇಳತೀರದು. ಹುಳದ ಮನೆಯ ಚಾವಣಿಗೆ ಗೋಣಿಚೀಲ ಹಾಸಿ ಗಂಟೆಗೊಮ್ಮೆ ನೀರು ಹಾಕಿದೆವು. ಪದ್ಮ ಮೊದಲ ಎರಡು ದಿನ ತೋಟದಲ್ಲಿ ಸೊಪ್ಪು ಕೊಯ್ದಳು, ನೀರು ಹೊತ್ತಳು. ಹುಳದ ಮನೆಯ ಒಳಗೆ ಮಾತ್ರ ಕಾಲಿಡಲಿಲ್ಲ. ಸೊಪ್ಪಿನ ಬುಟ್ಟಿಯನ್ನು ಬಾಗಿಲಲ್ಲೇ ನನ್ನ ಕೈಗೆ ದಾಟಿಸುವಳು. ಬಾ ಎಂದರೆ, ಇರಲಿ ಬಿಡಿ ಎನ್ನುವಳು.

ಮೂರನೆಯ ದಿನ ಬೆಳಿಗ್ಗೆ ಒಂದು ತಟ್ಟೆಯ ಮೂಲೆಯಲ್ಲಿ ಹತ್ತಿಪ್ಪತ್ತು ಹುಳ ಮೆತ್ತಗಾಗಿದ್ದವು. ಸೊಪ್ಪು ಮುಟ್ಟಿರಲಿಲ್ಲ. ಅದೇ ಹೊತ್ತಿಗೆ ಪಕ್ಕದ ಮನೆಯ ನರಸಮ್ಮ ಮಜ್ಜಿಗೆ ಕೇಳಲು ಬಂದವಳು ಕಿಟಕಿಯಿಂದ ಇಣುಕಿದಳು. ಪದ್ಮ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನರಸಮ್ಮ ತನ್ನ ತೆಲುಗಿನಲ್ಲಿ, ಮೆಲ್ಲಗೆ ಹೇಳಿದೆ ಎಂದುಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು, "ಆಡಬಿಡ್ಡ ವಚ್ಚಿಂದಿ ಗದಾ." ಮನೆಮಗಳು ಬಂದಿದ್ದಾಳಲ್ಲ, ಅದಕ್ಕೇ ಎಂದು.

ನಾನು ಇಲ್ಲಿ ಸುಳ್ಳು ಹೇಳುವುದಿಲ್ಲ. ಆ ಗಳಿಗೆಯಲ್ಲಿ ನನ್ನೊಳಗೂ ಆ ಮಾತು ಎದ್ದಿತು. ಗೆರೆ, ಉಳಿಕೆ, ಅರ್ಧ ಕೆಜಿ ಎಲ್ಲ ಗೊತ್ತಿದ್ದ ಮೇಲೂ ಎದ್ದಿತು. ಮನಸ್ಸು ಲೆಕ್ಕಕ್ಕಿಂತ ಮುಂಚೆ ಓಡುತ್ತದೆ, ಅದರ ಕಾಲಿಗೆ ಸಂಕೋಲೆ ಇಲ್ಲ. ಪದ್ಮ ನರಸಮ್ಮನನ್ನು ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದಳು. ಅವಳು ಗೌರಿಬಿದನೂರಿನಿಂದ ಬಿಸಿಲಲ್ಲಿ ಬಂದದ್ದು ಈ ಗಳಿಗೆಯಲ್ಲಿ ನನ್ನ ಮುಖ ಹೇಗಿರುತ್ತದೆ ಎಂದು ನೋಡಲಿಕ್ಕೇ.

ನರಸಮ್ಮನಿಗೆ ಮಜ್ಜಿಗೆ ಒಳಗಿದೆ, ಸೌಮ್ಯಳನ್ನು ಕೇಳು ಎಂದು ಕಳಿಸಿದೆ. ಆಮೇಲೆ ಬಾಗಿಲಿಗೆ ಹೋಗಿ ಪದ್ಮಳ ಕೈಯಿಂದ ಬುಟ್ಟಿ ತೆಗೆದುಕೊಳ್ಳದೆ, ಪಕ್ಕಕ್ಕೆ ಸರಿದು ನಿಂತೆ.

"ಆ ತಟ್ಟೆ ನೀನು ನೋಡು ಪದ್ಮ. ಮೆತ್ತಗಾಗಿರೋದನ್ನ ಆರಿಸಿ ತೆಗಿ. ನಂಗೆ ಈಗ ಕಣ್ಣು ಸಾಲ್ದು."

"ಇನ್ನೂ ಹೋದ್ರೆ ಅತ್ತಿಗೆ?"

"ಹೋಗ್ತವೆ. ಬಿಸ್ಲು ಹಿಂಗಿದ್ರೆ ಇನ್ನೂ ಹೋಗ್ತವೆ ಕಣೇ. ನಾಲ್ಕೇ ದಿನಕ್ಕೆ ಹೊರಡಬೇಡ, ಗೂಡು ಬಿಡಿಸೋಕೆ ಕೈ ಬೇಕು."

ಪದ್ಮ ಬುಟ್ಟಿ ಕೆಳಗಿಟ್ಟಳು. ಆಮೇಲೆ ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿ ಒಳಗೆ ಬಂದಳು. ತಟ್ಟೆಯ ಮೇಲೆ ಬಗ್ಗಿ, ಒಂದೊಂದೇ ಹುಳ ಎತ್ತಿ ನೋಡಿ ಆರಿಸತೊಡಗಿದಳು. ನನಗಿಂತ ಚುರುಕು ಕೈ. ಮಾವನವರ ಕೈಯಲ್ಲಿ ಪಳಗಿದ್ದು.

ಆ ಬೆಳೆ ನಲವತ್ತಮೂರು ಕೆಜಿ ಬಂತು. ಬೇಸಿಗೆಗೆ ಗೆರೆ ಹೇಳಿದ್ದಕ್ಕಿಂತ ಮೂರು ಕೆಜಿ ಕಡಿಮೆ. ಪದ್ಮ ಆಮೇಲೂ ಒಂದು ವಾರ ಇದ್ದು ಹೋದಳು.